ಬ್ಯಾಟರಿ ಹೊಸದು, ಸ್ಟಾರ್ಟರ್ ರಿಪೇರಿಯಾಗಿದೆ, ಆದರೂ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲು ಹತ್ತು ಸೆಕೆಂಡು

ಪ್ರಶ್ನೆ: ನಾಪೋಕ್ಲು ತೋಟದವ

ನಮ್ಮ ಮನೆ ಕೊಡಗಿನ ನಾಪೋಕ್ಲಿನ ಹತ್ತಿರ, ಡಾಂಬರು ರಸ್ತೆಯಿಂದ ಒಂದು ಕಿಲೋಮೀಟರು ಒಳಗೆ, ಕಾಫಿ ತೋಟದ ನಡುವೆ ಇದೆ. ನಮ್ಮದು 2013ರ 1.5 ಲೀಟರ್ ಡೀಸೆಲ್ ಕಾರು. ಇದುವರೆಗೆ 1,18,000 ಕಿಲೋಮೀಟರು ಓಡಿದೆ. ಕಳೆದ ಆಗಸ್ಟಿನಲ್ಲಿ ಸರ್ವಿಸ್ ಮಾಡಿಸಿ ಎಂಜಿನ್ ಆಯಿಲ್, ಏರ್ ಫಿಲ್ಟರ್ ಮತ್ತು ಡೀಸೆಲ್ ಫಿಲ್ಟರ್ ಬದಲಾಯಿಸಿದ್ದೆ. ಕೈಲ್‌ಪೊಳ್ದ್ ಹಬ್ಬ (ಸೆಪ್ಟೆಂಬರಿನ ಆರಂಭ) ಕಳೆದ ಮೇಲೆ ಬೆಳಗಿನ ಮೊದಲ ಸ್ಟಾರ್ಟ್ ನಿಧಾನವಾಗತೊಡಗಿತು. ಆರಂಭದಲ್ಲಿ ಮೂರು ನಾಲ್ಕು ಸೆಕೆಂಡು ಸೆಲ್ಫ್ ಹೊಡೆಯಬೇಕಾಗುತ್ತಿತ್ತು. ಈಗ ಜನವರಿಯ ಚಳಿಯಲ್ಲಿ ಅದು ಎಂಟರಿಂದ ಹತ್ತು ಸೆಕೆಂಡಿಗೆ ಬಂದು ನಿಂತಿದೆ, ಕೆಲವು ದಿನ ಎರಡನೆಯ ಪ್ರಯತ್ನಕ್ಕಷ್ಟೇ ಎಂಜಿನ್ ಹಿಡಿಯುತ್ತದೆ. ಒಮ್ಮೆ ಹಿಡಿದರೆ ಮಡಿಕೇರಿಗೆ ಹೋಗಿ ಬರುವವರೆಗೂ, ನಡುವೆ ಎಷ್ಟು ಸಲ ನಿಲ್ಲಿಸಿದರೂ, ಯಾವ ತಕರಾರೂ ಇಲ್ಲ.

ಮೊದಲು ಬ್ಯಾಟರಿಯ ದೋಷವೆಂದರು. ಅಕ್ಟೋಬರಿನಲ್ಲಿ ಹೊಸ ಬ್ಯಾಟರಿ ಹಾಕಿಸಿದೆ. ಒಂದು ವಾರ ಸ್ವಲ್ಪ ಸುಧಾರಿಸಿದಂತೆ ಕಂಡಿತು. ಅನಂತರ ಸ್ಟಾರ್ಟರ್ ಮೋಟರನ್ನು ಬಿಚ್ಚಿ ಕಾರ್ಬನ್ ಬ್ರಷ್ ಮತ್ತು ಬುಷ್ ಬದಲಾಯಿಸಿದರು. ಮತ್ತೆ ಸ್ವಲ್ಪವೇ ಸುಧಾರಣೆ. ಈಗ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರುಗಳನ್ನು ಕಳಚಿ ಪರೀಕ್ಷೆಗೆ ಕಳುಹಿಸಬೇಕೆನ್ನುತ್ತಿದ್ದಾರೆ. ಕೊಯ್ಲಿನ ಕೂಲಿ ಬಟವಾಡೆ ಮಾಡಬೇಕಾದ ಈ ತಿಂಗಳಲ್ಲಿ ಅಷ್ಟು ಹಣವನ್ನು ಊಹೆಯ ಮೇಲೆ ಸುರಿಯಲು ಮನಸ್ಸಿಲ್ಲ. ಇನ್ನೊಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಪುತ್ತರಿ ಹಬ್ಬಕ್ಕೆ ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಹೋಗಿ ಎರಡು ರಾತ್ರಿ ಉಳಿದಿದ್ದಾಗ ಎರಡೂ ಬೆಳಿಗ್ಗೆ ಕಾರು ಬಹಳ ಬೇಗ ಸ್ಟಾರ್ಟ್ ಆಯಿತು. ಕಾರಿನ ಮರ್ಜಿ ಎಂದುಕೊಂಡು ಸುಮ್ಮನಾದೆ.

ಉತ್ತರ: ಕುಶಾಲನಗರದ ಹಳೆಯ ಗ್ಯಾರೇಜಿನವ

ಇಂಜೆಕ್ಟರ್ ಬಿಚ್ಚಿಸಬೇಡಿ, ಸದ್ಯಕ್ಕಂತೂ ಬೇಡ. ‘ಸ್ಟಾರ್ಟ್ ಆಗಲು ತಡ’ ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಸೆಲ್ಫ್ ಹೊಡೆದಾಗ ಎಂಜಿನ್ ಏದುಸಿರು ಬಿಡುತ್ತಾ ನಿಧಾನವಾಗಿ ತಿರುಗುವುದು ಒಂದು. ಎಂಜಿನ್ ಚುರುಕಾಗಿಯೇ ತಿರುಗುತ್ತಿದ್ದು ಹೊತ್ತಿಕೊಳ್ಳದೆ ಇರುವುದು ಇನ್ನೊಂದು. ಮೊದಲನೆಯದು ವಿದ್ಯುತ್ತಿನ ಕಡೆಯದು: ಬ್ಯಾಟರಿ, ಕೇಬಲ್, ಅರ್ತ್ (ಬ್ಯಾಟರಿಯ ಮೈನಸ್ಸನ್ನು ಎಂಜಿನ್ನಿಗೆ ಸೇರಿಸುವ ದಾರಿ), ಸ್ಟಾರ್ಟರ್. ಎರಡನೆಯದು ಡೀಸೆಲ್ ಮತ್ತು ಶಾಖದ ಕಡೆಯದು. ನಿಮ್ಮ ಬರಹದಲ್ಲಿ ಇವೆರಡರಲ್ಲಿ ಯಾವುದೆಂಬುದು ಇಲ್ಲ, ರಿಪೇರಿ ಮಾಡಿದವರೂ ಅದನ್ನು ಕೇಳಿದಂತೆ ಕಾಣುವುದಿಲ್ಲ.

ಒಂದು ಮಲ್ಟಿಮೀಟರ್ ತನ್ನಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ ಬೆಳಿಗ್ಗೆ, ಯಾವ ಸ್ವಿಚ್ಚನ್ನೂ ಹಾಕುವ ಮೊದಲು, 12.6 ವೋಲ್ಟ್ ಆಸುಪಾಸು ಇದ್ದರೆ ಅದು ಪೂರ್ತಿ ಚಾರ್ಜ್ ಆಗಿದೆ, 12.2 ಇದ್ದರೆ ಅರ್ಧವೇ ಉಳಿದಿದೆ. ಅನಂತರ ಮನೆಯವರೊಬ್ಬರನ್ನು ಕೀ ತಿರುಗಿಸಲು ಕೂರಿಸಿ, ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ ಎಷ್ಟಿದೆ ನೋಡಿ, ಅದು 9.6ಕ್ಕಿಂತ ಕೆಳಗಿಳಿಯಬಾರದು. ಇಳಿಯದಿದ್ದರೂ ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೆ ಬ್ಯಾಟರಿಯನ್ನು ಬೈದು ಫಲವಿಲ್ಲ.

ಮುಂದಿನ ಪರೀಕ್ಷೆಯನ್ನು ನಮ್ಮ ಕಡೆ ಯಾರೂ ಮಾಡುವುದಿಲ್ಲ, ಮಾಡಬೇಕಾದದ್ದು ಅದೇ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೆಯೇ (ಕ್ಲ್ಯಾಂಪಿನ ಮೇಲಲ್ಲ) ಒತ್ತಿ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಮುಟ್ಟಿಸಿ ಸೆಲ್ಫ್ ಹೊಡೆಯಿಸಿ. ಅರ್ತ್ ಸರಿಯಿದ್ದರೆ ಮೀಟರು 0.2 ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಅದೇ ರೀತಿ ಪ್ಲಸ್ ಕಂಬದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿನವರೆಗೆ 0.5 ವೋಲ್ಟ್ ದಾಟಬಾರದು. ಓಮ್ ಅಳತೆಯಲ್ಲಿಟ್ಟು ನೋಡಿ ‘ಸೊನ್ನೆ ತೋರಿಸುತ್ತದೆ, ಕೇಬಲ್ ಚೆನ್ನಾಗಿದೆ’ ಎನ್ನುವವರ ಮಾತು ಕೇಳಬೇಡಿ. ಡೀಸೆಲ್ ಎಂಜಿನ್ನಿನ ಸ್ಟಾರ್ಟರ್ 250 ಆಂಪಿಯರ್ ಎಳೆಯುವಾಗ ಒಂದು ಓಮಿನ ಸಾವಿರ ಪಾಲಿನಲ್ಲಿ ನಾಲ್ಕು ಪಾಲಿನಷ್ಟು ತಡೆಯಿದ್ದರೂ ಪೂರ್ತಿ ಒಂದು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಅಷ್ಟು ಸಣ್ಣ ತಡೆಯನ್ನು ಕೈಮೀಟರು ಓಮಿನಲ್ಲಿ ಕಾಣಲಾರದು. ಜೂನಿನಿಂದ ಸೆಪ್ಟೆಂಬರಿನವರೆಗೆ ನಿಮ್ಮ ಕಡೆ ಸುರಿಯುವ ಮಳೆಯಲ್ಲಿ, ಕೆಸರೆರಚುವ ತೋಟದ ದಾರಿಯಲ್ಲಿ, ಗೇರ್‌ಬಾಕ್ಸಿನ ಬಳಿ ಬೋಲ್ಟ್ ಮಾಡಿರುವ ಅರ್ತ್ ಪಟ್ಟಿಯ ಗತಿ ಏನಾಗಿರಬಹುದೆಂದು ಹೇಳಬೇಕಾಗಿಲ್ಲ.

ಮೀಟರ್ ಸಿಗದಿದ್ದರೆ ಜಂಪರ್ ಕೇಬಲಿನ ಕಪ್ಪು ತಂತಿಯೊಂದನ್ನೇ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ ಎತ್ತುವ ಕೊಕ್ಕೆಗೂ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ತಿರುಗುವ ಸದ್ದು ಬದಲಾದರೆ ಕಳ್ಳ ಸಿಕ್ಕಂತೆಯೇ.

ಉತ್ತರ: ಸೋಮವಾರಪೇಟೆ ಜೀಪು

ನಮ್ಮ ತಂದೆಯವರ ಕಾಲದಿಂದಲೂ ಜೀಪನ್ನು ರಾತ್ರಿ ಇಳಿಜಾರಿನಲ್ಲಿ ಮುಖ ಕೆಳಗೆ ಮಾಡಿ ನಿಲ್ಲಿಸುವುದು ಪದ್ಧತಿ. ಬೆಳಿಗ್ಗೆ ಎರಡನೆಯ ಗೇರಿಗೆ ಹಾಕಿ, ಕ್ಲಚ್ ಒತ್ತಿಹಿಡಿದು, ವೇಗ ಬಂದ ಮೇಲೆ ಬಿಟ್ಟರೆ ಎಂಜಿನ್ ತಾನಾಗಿ ಹಿಡಿಯುತ್ತದೆ. ತಾವು ಇಷ್ಟೆಲ್ಲ ಅಳತೆಯ ತೊಂದರೆ ತೆಗೆದುಕೊಳ್ಳುವುದಕ್ಕಿಂತ ಶೆಡ್ಡಿನ ದಿಕ್ಕನ್ನೇ ಬದಲಾಯಿಸಬಹುದು.

ಉತ್ತರ: ಕುಶಾಲನಗರದ ಹಳೆಯ ಗ್ಯಾರೇಜಿನವ

ಹಳೆಯ ಜೀಪಿಗೆ ಆ ಮಾತು ನಡೆಯುತ್ತಿತ್ತು. ಎಂಜಿನ್ ಓಡದಿರುವ ಈಗಿನ ಕಾರಿನಲ್ಲಿ ಬ್ರೇಕಿಗೆ ಬೂಸ್ಟರಿನ ಸಹಾಯ ಎರಡು ಮೂರು ಸಲ ಒತ್ತುವವರೆಗೆ ಮಾತ್ರ. ಪವರ್ ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯುತ್ತದೆ. ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಕೊಲ್ಲಿ ಇರುವ ದಾರಿಯಲ್ಲಿ ಇದನ್ನು ದಿನಚರಿ ಮಾಡಿಕೊಳ್ಳಬಾರದು.

ಉತ್ತರ: ಗೋಣಿಕೊಪ್ಪ ಓದುಗ

ಮೇಲಿನ ಜೀಪಿನ ಮಾತು ಓದಿದಾಗ ನನಗೆ ಪ್ರಶ್ನೆಯ ಕೊನೆಯ ಸಾಲು ನೆನಪಾಯಿತು. ನಾಪೋಕ್ಲಿನವರೇ, ತಾವು ಮನೆಯ ಶೆಡ್ಡಿನಲ್ಲಿ ಕಾರನ್ನು ಯಾವ ದಿಕ್ಕಿಗೆ ಮುಖಮಾಡಿ ನಿಲ್ಲಿಸುತ್ತೀರಿ, ಐನ್‌ಮನೆಯಲ್ಲಿ ಯಾವ ದಿಕ್ಕಿಗೆ ನಿಲ್ಲಿಸಿದ್ದಿರಿ? ನೆಲ ಸಮವೋ, ಏರೋ, ಇಳಿಜಾರೋ? ಜೊತೆಗೆ, ಸೆಲ್ಫ್ ಹೊಡೆಯುತ್ತಿರುವ ಆ ಹತ್ತು ಸೆಕೆಂಡಿನಲ್ಲಿ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆಯೇ ಎಂದು ಹಿಂದೆ ಯಾರನ್ನಾದರೂ ನಿಲ್ಲಿಸಿ ನೋಡಿಸಿ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಶಾಖ ಸಾಲದೆ ಉರಿಯುತ್ತಿಲ್ಲ ಎಂದರ್ಥ. ಆಗ ತಣ್ಣಗಿನ ಸಿಲಿಂಡರನ್ನು ಬಿಸಿ ಮಾಡುವ ಹೀಟರ್ ಪ್ಲಗ್ಗುಗಳನ್ನು ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪುತ್ತಿಲ್ಲ.

ಪ್ರಶ್ನೆ ಕೇಳಿದವರು: ನಾಪೋಕ್ಲು ತೋಟದವ

ಪೇಟೆಯಿಂದ ಮೀಟರ್ ತಂದು ಮೂರು ಬೆಳಿಗ್ಗೆ ಅಳೆದೆ. ನಿಂತ ಬ್ಯಾಟರಿ 12.5, ಸೆಲ್ಫ್ ಹೊಡೆಯುವಾಗ 10.6. ಪ್ಲಸ್ ಕಡೆಯ ನಷ್ಟ 0.3 ವೋಲ್ಟ್. ಮೈನಸ್ ಕಡೆ, ಮೀಟರ್ ಕೆಟ್ಟಿರಬೇಕೆಂದು ಎರಡು ಸಲ ನೋಡಿದೆ, 1.1 ವೋಲ್ಟ್. ಅಂದರೆ ಸ್ಟಾರ್ಟರಿಗೆ ನಿಜವಾಗಿ ಸಿಗುತ್ತಿದ್ದದ್ದು 9.2 ಮಾತ್ರ. ಅರ್ತ್ ಪಟ್ಟಿಯನ್ನು ಬಿಚ್ಚಿದರೆ ಬೋಲ್ಟಿನ ಕೆಳಗೆ ಹಸಿರು ಪುಡಿ, ಅದರ ಕೆಳಗೆ ತುಕ್ಕು. ಹೆಣಿಗೆಯ ಎಳೆಗಳಲ್ಲಿ ಅರ್ಧಕ್ಕರ್ಧ ತುಂಡಾಗಿದ್ದವು. ಹೊಸ ಪಟ್ಟಿ ಹಾಕಿ, ಎರಡೂ ಕಡೆ ಲೋಹವನ್ನು ಮರಳು ಕಾಗದದಿಂದ ಉಜ್ಜಿ ಬಿಗಿದ ಮೇಲೆ ಅದೇ ಜಾಗದಲ್ಲಿ 0.1 ವೋಲ್ಟ್ ಬಂತು. ಎಂಜಿನ್ ಈಗ ತಿರುಗುವ ಸದ್ದೇ ಬೇರೆ. ಆದರೆ ಬೆಳಗಿನ ಸ್ಟಾರ್ಟಿಗೆ ಇನ್ನೂ ಐದು ಸೆಕೆಂಡು ಬೇಕಾಗುತ್ತಿದೆ. ಹಿಂದೆ ನಿಂತ ಮಗ ಹೊಗೆ ಕಾಣಲಿಲ್ಲವೆಂದ.

ಗೋಣಿಕೊಪ್ಪದವರ ಪ್ರಶ್ನೆಗೆ ಉತ್ತರ: ನಮ್ಮ ಶೆಡ್ಡು ಕಾಫಿ ಒಣಗಿಸುವ ಕಣದ ಮೇಲಿನ ಏರಿನಲ್ಲಿದೆ, ಕಾರಿನ ಮುಖ ಮೇಲಕ್ಕಿರುತ್ತದೆ. ಐನ್‌ಮನೆಯ ಅಂಗಳದಿಂದ ಹೊರಡುವುದು ಸುಲಭವಾಗಲೆಂದು ಗದ್ದೆಯ ಕಡೆಗೆ, ಮುಖ ಕೆಳಗೆ ಮಾಡಿ ನಿಲ್ಲಿಸಿದ್ದೆ. ಇದಕ್ಕೂ ಸ್ಟಾರ್ಟಿಗೂ ಏನು ಸಂಬಂಧ?

ಉತ್ತರ: ಗೋಣಿಕೊಪ್ಪ ಓದುಗ

ಸಂಬಂಧ ನೇರವಾಗಿದೆ. ತಮ್ಮ ಕಾರಿನಲ್ಲಿ ಟ್ಯಾಂಕ್ ಹಿಂದೆ, ಎಂಜಿನ್ ಮುಂದೆ. ಮುಖ ಮೇಲಕ್ಕೆ ಮಾಡಿ ನಿಲ್ಲಿಸಿದಾಗ ಟ್ಯಾಂಕು ಎಂಜಿನ್ನಿಗಿಂತ ಬಹಳ ಕೆಳಗಿರುತ್ತದೆ. ಪೈಪಿನಲ್ಲಿ ಎಲ್ಲಿಯೂ ಗಾಳಿ ನುಗ್ಗದಿದ್ದರೆ ಡೀಸೆಲ್ ಇದ್ದಲ್ಲೇ ನಿಲ್ಲುತ್ತದೆ. ಕೂದಲೆಳೆಯಷ್ಟು ದಾರಿ ಸಿಕ್ಕಿದರೂ ರಾತ್ರಿಯ ಹೊತ್ತಿನಲ್ಲಿ ಅದು ಮೆಲ್ಲನೆ ಟ್ಯಾಂಕಿಗೆ ಹಿಂದಿರುಗಿ, ಫಿಲ್ಟರಿನಿಂದ ಪಂಪಿನವರೆಗೆ ಏರ್ ಹಿಡಿಯುತ್ತದೆ. ಮುಖ ಕೆಳಗಿದ್ದಾಗ ಟ್ಯಾಂಕಿನ ಮಟ್ಟವೇ ಎತ್ತರದಲ್ಲಿರುವುದರಿಂದ ಹಾಗಾಗುವುದಿಲ್ಲ. ಹಗಲಿನಲ್ಲಿ ಒಂದೆರಡು ಗಂಟೆ ನಿಂತರೆ ಹಿಂದಿರುಗಲು ಸಮಯ ಸಾಲದು. ಆದುದರಿಂದಲೇ ತೊಂದರೆ ಬೆಳಿಗ್ಗೆ ಮಾತ್ರ.

ಈ ಸೋರಿಕೆಯನ್ನು ಹುಡುಕಲು ಎಂಜಿನ್ ಕೆಳಗೆ ಕಾಗದ ಹಾಸಿ ಹನಿಗಾಗಿ ಕಾಯುವುದು ವ್ಯರ್ಥ. ಪಂಪು ಹೀರುವ ಕಡೆಯ ಪೈಪಿನಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುವುದರಿಂದ ಡೀಸೆಲ್ ಹೊರಬರುವುದಿಲ್ಲ, ಗಾಳಿ ಒಳಬರುತ್ತದೆ, ಅಷ್ಟೇ. ಕಾಮನ್ ರೈಲ್ ಎಂಜಿನ್ನಿನಲ್ಲಿ ರೈಲಿನ, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಒಂದೇ ಕೊಳವೆಯ, ಒತ್ತಡ ಒಂದು ಮಟ್ಟಕ್ಕೆ, ಅನೇಕ ಎಂಜಿನ್‌ಗಳಲ್ಲಿ 200 ಬಾರ್ ಆಸುಪಾಸಿಗೆ, ಏರುವವರೆಗೆ ಕಂಪ್ಯೂಟರು ಇಂಜೆಕ್ಟರುಗಳನ್ನು ತೆರೆಯುವುದೇ ಇಲ್ಲ. ಗಾಳಿ ಹಿಡಿದ ಪಂಪು ಆ ಒತ್ತಡ ಕಟ್ಟಲು ಹೆಚ್ಚು ಸುತ್ತು ತಿರುಗಬೇಕು. ಕೆಟ್ಟ ಅರ್ತಿನಿಂದಾಗಿ ಆ ಸುತ್ತುಗಳೂ ನಿಧಾನವಾಗಿದ್ದವು. ತಮ್ಮ ಹತ್ತು ಸೆಕೆಂಡು ಹುಟ್ಟಿದ್ದು ಈ ಎರಡರ ಗುಣಾಕಾರದಿಂದ. ಬ್ಯಾಟರಿ ಬದಲಿಸಿದಾಗಲೂ ಸ್ಟಾರ್ಟರ್ ರಿಪೇರಿಯಾದಾಗಲೂ ತುಸು ಸುಧಾರಿಸಿದಂತೆ ಕಂಡದ್ದು ಇದೇ ಕಾರಣಕ್ಕೆ: ತಿರುಗುವ ವೇಗ ಸ್ವಲ್ಪ ಹೆಚ್ಚಿತು, ಗಾಳಿ ಹಾಗೆಯೇ ಉಳಿಯಿತು.

ಬಾನೆಟ್ಟಿನೊಳಗೆ ಡೀಸೆಲ್ ಪೈಪಿನ ನಡುವೆ ಕೋಳಿಮೊಟ್ಟೆ ಗಾತ್ರದ ಕಪ್ಪು ರಬ್ಬರ್ ಬಲ್ಬ್ ಇದೆಯೇ ನೋಡಿ. ಇದ್ದರೆ, ನಾಳೆ ಬೆಳಿಗ್ಗೆ ಕೀ ಮುಟ್ಟುವ ಮೊದಲು ಅದನ್ನು ಗಟ್ಟಿಯಾಗುವವರೆಗೆ ಒತ್ತಿ, ಅನಂತರ ಸೆಲ್ಫ್ ಹೊಡೆಯಿರಿ. ಒಂದೆರಡು ಸೆಕೆಂಡಿನಲ್ಲಿ ಹಿಡಿದರೆ ಗಾಳಿಯದೇ ದೋಷ. ಮೊದಲ ಅನುಮಾನ ಆಗಸ್ಟಿನಲ್ಲಿ ಬದಲಾಯಿಸಿದ ಡೀಸೆಲ್ ಫಿಲ್ಟರಿನ ಮೇಲೆ. ಕಾಯಿಲೆ ಶುರುವಾದದ್ದು ಅದರ ಬೆನ್ನಿಗೇ.

ಉತ್ತರ: ವಿರಾಜಪೇಟೆಯಿಂದ

ವಿಷಯ ಡೀಸೆಲಿನದಾದರೂ ಪೆಟ್ರೋಲ್ ಕಾರಿನವರಿಗಾಗಿ ಒಂದು ಮಾತು. ರಾತ್ರಿ ನಿಂತಾಗ ಪೈಪಿನ ಒತ್ತಡ ಇಳಿದುಹೋಗುವುದು ಅಲ್ಲಿಯೂ ಉಂಟು, ಟ್ಯಾಂಕಿನ ಪಂಪಿನಲ್ಲಿ ಪೆಟ್ರೋಲ್ ಹಿಂದಕ್ಕೆ ಬರದಂತೆ ತಡೆಯುವ ಕವಾಟ ಸವೆದಾಗ. ಕೀಯನ್ನು ‘ಆನ್’ವರೆಗೆ ಮಾತ್ರ ತಿರುಗಿಸಿ, ಪಂಪು ಎರಡು ಮೂರು ಸೆಕೆಂಡು ಗುಂಯ್‌ಗುಟ್ಟಿ ನಿಂತ ಮೇಲೆ ಆಫ್ ಮಾಡಿ, ಮತ್ತೊಮ್ಮೆ ಹಾಗೆಯೇ ಮಾಡಿ ಸ್ಟಾರ್ಟ್ ಮಾಡಿರಿ. ಹೀಗೆ ಮಾಡಿದಾಗ ತಕ್ಷಣ ಹಿಡಿದು, ಮಾಡದಿದ್ದಾಗ ತಡವಾದರೆ ಸ್ಪಾರ್ಕ್ ಪ್ಲಗ್ಗನ್ನು ಬದಲಿಸಿ ಪ್ರಯೋಜನವಿಲ್ಲ. ವಾರಗಟ್ಟಲೆ ಶೆಡ್ಡಿನಲ್ಲೇ ಕಾರು ನಿಲ್ಲಿಸುವವರು ಇನ್ನೊಂದು ಲೆಕ್ಕವನ್ನೂ ನೆನಪಿಡಿ: ನಿಂತ ಕಾರು ಬರೀ 50 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 1.2 ಆಂಪಿಯರ್-ಗಂಟೆ, ಹತ್ತು ದಿನಕ್ಕೆ 12. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದು ಮೂರನೆಯ ಒಂದು ಪಾಲು.

ಪ್ರಶ್ನೆ ಕೇಳಿದವರು: ನಾಪೋಕ್ಲು ತೋಟದವ

ಬಲ್ಬ್ ಇತ್ತು. ಬೆಳಿಗ್ಗೆ ಮುಟ್ಟಿದಾಗ ಬತ್ತಿದ ಕಿತ್ತಳೆಯಂತೆ ಮೆತ್ತಗಿತ್ತು. ಹದಿನೈದು ಇಪ್ಪತ್ತು ಸಲ ಒತ್ತಿದ ಮೇಲೆ ಗಟ್ಟಿಯಾಯಿತು, ಕಾರು ಎರಡು ಸೆಕೆಂಡಿನೊಳಗೆ ಸ್ಟಾರ್ಟ್ ಆಯಿತು. ಮರುದಿನ ಒತ್ತದೆ ನೋಡಿದೆ, ಐದು ಸೆಕೆಂಡು. ಅದರ ಮರುದಿನ ಶೆಡ್ಡಿನಲ್ಲೇ ಕಾರನ್ನು ತಿರುಗಿಸಿ ನಿಲ್ಲಿಸಿ, ಬಲ್ಬ್ ಮುಟ್ಟದೆ ನೋಡಿದೆ, ಎರಡು ಸೆಕೆಂಡು. ಫಿಲ್ಟರಿನ ಪೈಪ್ ಕನೆಕ್ಟರನ್ನು ಬಿಚ್ಚಿದಾಗ ಅದರೊಳಗಿನ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಒಂದು ಪಕ್ಕದಲ್ಲಿ ಸೀಳಿತ್ತು. ಫಿಲ್ಟರ್ ಬದಲಿಸುವಾಗ ಓರೆಯಾಗಿ ತುರುಕಿದ್ದಿರಬೇಕು. ಹೊಸದನ್ನು ಹಾಕಿ ಈಗ ಒಂಬತ್ತು ದಿನವಾಯಿತು. ಕಾರಿನ ಮುಖ ಏರಿನ ಕಡೆಗೇ ಇದೆ, ಸ್ಟಾರ್ಟಿಗೆ ಎರಡು ಸೆಕೆಂಡು ದಾಟಿಲ್ಲ.

ಮೀಟರ್ ಕೈಯಲ್ಲಿದ್ದ ಹುರುಪಿನಲ್ಲಿ ಹೀಟರ್ ಪ್ಲಗ್ಗುಗಳನ್ನೂ ಅಳೆದೆ. ಮೂರು ಒಂದು ಓಮಿಗಿಂತ ಕಡಿಮೆ ತೋರಿಸಿದವು, ನಾಲ್ಕನೆಯದು ಏನನ್ನೂ ತೋರಿಸಲಿಲ್ಲ. ಅದನ್ನೂ ನಾನೇ ಬಿಚ್ಚಲೇ?

ಉತ್ತರ: ಕುಶಾಲನಗರದ ಹಳೆಯ ಗ್ಯಾರೇಜಿನವ

ನಾಲ್ಕನೆಯದು ಸತ್ತಿದೆ. ನಮ್ಮ ಚಳಿಗೆ ಮೂರರಲ್ಲಿ ಕಾರು ನಡೆಯುತ್ತದೆ, ಸ್ಟಾರ್ಟ್ ಆದ ಕೂಡಲೇ ಸ್ವಲ್ಪ ಹೊತ್ತು ನಡುಗಬಹುದು. ಇಷ್ಟು ವರ್ಷ ಕುಳಿತ ಹೀಟರ್ ಪ್ಲಗ್ ಎಂಜಿನ್ ಹೆಡ್ಡಿಗೆ ಅಂಟಿಕೊಂಡಿರುತ್ತದೆ. ತಣ್ಣಗಿರುವಾಗ ಬಲವಂತದಿಂದ ತಿರುಗಿಸಿದರೆ ಅರ್ಧಕ್ಕೆ ಮುರಿದು ಒಳಗೇ ಉಳಿಯುತ್ತದೆ, ಆಮೇಲೆ ಹೆಡ್ಡನ್ನೇ ಇಳಿಸಬೇಕಾಗಬಹುದು. ಎರಡು ಮೂರು ದಿನ ಮೊದಲಿನಿಂದ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಾ ಬನ್ನಿ. ಎಂಜಿನ್ ಬಿಸಿಯಿರುವಾಗ, ಟಾರ್ಕ್ ರೆಂಚ್ ಇರುವವರ ಕೈಯಿಂದ ಬಿಚ್ಚಿಸಿ. ಕೊಯ್ಲು ಮುಗಿದ ಮೇಲೆ ಮಾಡಿಸಿದರೂ ಸಾಕು.