ಸೀಸದ ಗುಂಡಿನ ಎರಕದಚ್ಚು: ‘ಏಕರೂಪತೆ’ ಎಂಬ ಒಂದೇ ಪದ ಸಾಲುವುದೇ?

ಎಲ್ಲರಿಗೂ ನಮಸ್ಕಾರ.

ಕಾನೂನು ಅವಕಾಶ ಕೊಡುವ ಕಡೆಗಳಲ್ಲಿ ಹವ್ಯಾಸಿ ಗುರಿಕಾರರು ತಮ್ಮ ಬಂದೂಕಿನ ಸೀಸದ ಗುಂಡುಗಳನ್ನು ಮನೆಯಲ್ಲಿಯೇ ಎರಕ ಹೊಯ್ದುಕೊಳ್ಳುವುದುಂಟು. ಈ ಕೆಲಸವನ್ನು ಪರಿಚಯಿಸುವ ಒಂದು ಬರಹವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅಚ್ಚಿನ ಗುಣಮಟ್ಟವನ್ನು ವಿವರಿಸುವ ಭಾಗದಲ್ಲಿ ಕೆಲವು ಪದಗಳು ತೊಡಕಾಗಿವೆ. ಎರಕದ ಕೆಲಸವನ್ನೋ ಅದರ ಭಾಷೆಯನ್ನೋ ಬಲ್ಲವರು ನೆರವಾಗಬೇಕೆಂದು ಕೋರುತ್ತೇನೆ.

‘ಗುಂಡು’ ಎಂಬ ಪದವನ್ನು ಮೊದಲು ಇತ್ಯರ್ಥ ಮಾಡಿಬಿಡಬಹುದು. ಸುದ್ದಿಬರಹಗಳಲ್ಲಿ ಮದ್ದು, ಕವಚ ಎಲ್ಲವೂ ಸೇರಿದ ತೋಟಾವನ್ನೂ ಗುಂಡು ಎಂದೇ ಬರೆಯುವುದುಂಟು. ಇಲ್ಲಿ ಎರಕ ಹೊಯ್ಯುವುದು ನಳಿಕೆಯಿಂದ ಹಾರಿ ಹೋಗುವ ಸೀಸದ ಭಾಗವನ್ನು ಮಾತ್ರ. ಆದ್ದರಿಂದ ಅದಕ್ಕೆ ‘ಗುಂಡು’ ಎಂದೂ, ಇಡಿಯದಕ್ಕೆ ‘ತೋಟಾ’ ಅಥವಾ ‘ಕಾಡತೂಸು’ ಎಂದೂ ಇಟ್ಟುಕೊಂಡಿದ್ದೇನೆ. ಇಂದಿನ ಗುಂಡುಗಳು ಬಹುಮಟ್ಟಿಗೆ ಉದ್ದನೆಯವು, ಗುಂಡಗಿರುವುದಿಲ್ಲ ಎಂಬ ಆಕ್ಷೇಪ ಬರಬಹುದಾದರೂ, ನೆಲೆನಿಂತ ಪದವನ್ನು ಅದಕ್ಕಾಗಿ ಕದಲಿಸುವುದು ನನಗೆ ಸರಿ ಎನಿಸುವುದಿಲ್ಲ.

‘ಅಚ್ಚು’ ಅಷ್ಟು ಸುಲಭವಲ್ಲ. ‘ಅಚ್ಚು ಸವೆದಿದೆ’ ಎಂದಾಗ ಅದು ಸಾಧನ. ‘ಅವನು ತಂದೆಯ ಪಡಿಯಚ್ಚು’ ಎಂದಾಗ ಅದು ಸಾಧನದಿಂದ ಮೂಡಿದ ಪ್ರತಿರೂಪ. ‘ಈ ಅಚ್ಚಿನಲ್ಲಿ ಅಂಚು ಸರಿಯಾಗಿ ಮೂಡಿಲ್ಲ’ ಎಂಬ ವಾಕ್ಯವನ್ನು ಓದುವವರು ದೋಷ ಸಾಧನದ್ದೋ ಸೀಸದ ಗುಂಡಿನದ್ದೋ ಎಂದು ಗೊಂದಲಪಡುತ್ತಾರೆ. ಬರಹದಲ್ಲಿ ಸಾಧನಕ್ಕೆ ಎಲ್ಲೆಡೆಯೂ ‘ಎರಕದಚ್ಚು’ ಎಂದು ಬಳಸಿ, ‘ಪಡಿಯಚ್ಚು’ ಪದವನ್ನು ಪೂರ್ತಿಯಾಗಿ ಬಿಟ್ಟಿದ್ದೇನೆ. (ಹಳೆಯ ಮುದ್ರಣಾಲಯಗಳ ಲೈನೋಟೈಪ್ ಯಂತ್ರ ಅಕ್ಷರಗಳ ಸಾಲುಗಳನ್ನು ಎರಕ ಹೊಯ್ಯುತ್ತಿದ್ದ ಲೋಹ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ ಸೇರಿದ್ದು, ಮುದ್ರಣಾಲಯಗಳು ಬಿಟ್ಟುಕೊಟ್ಟ ಆ ಲೋಹವನ್ನು ಗುಂಡು ಹೊಯ್ಯುವವರು ಬಹುಕಾಲ ಆಸೆಪಟ್ಟು ಕೊಂಡಿದ್ದಾರೆ. ಅಕ್ಷರಕ್ಕೂ ಗುಂಡಿಗೂ ಅಚ್ಚು ಎಂಬ ಪದವಷ್ಟೇ ಅಲ್ಲ, ಲೋಹವೂ ಒಂದೇ ಆಗಿತ್ತು.)

ಅಚ್ಚಿನೊಳಗೆ ಗುಂಡಿನ ಆಕಾರದಲ್ಲಿ ಕೊರೆದ ಟೊಳ್ಳಿಗೆ ಮೊದಲು ‘ಕುಳಿ’ ಎಂದು ಬರೆದಿದ್ದೆ. ಆದರೆ ಕಬ್ಬಿಣದ ಅಚ್ಚಿಗೆ ತುಕ್ಕು ಹಿಡಿದು ಮೈಯಲ್ಲಿ ಬೀಳುವ ಚುಕ್ಕಿಗಳೂ ಕುಳಿಗಳೇ. ‘ಅಚ್ಚಿನಲ್ಲಿ ಎರಡು ಕುಳಿಗಳಿವೆ’ ಎಂದರೆ ಅದು ವರ್ಣನೆಯೋ ದೂರೋ ತಿಳಿಯದು. ‘ಮನೆ’ ಎಂಬುದು ಚೆನ್ನಾಗಿಯೇ ಹೊಂದುತ್ತಿತ್ತು. ಆದರೆ ಮನೆಯಲ್ಲಿ ಹೊಯ್ಯುವ ಎರಕದ ಬರಹದಲ್ಲಿ ಅದು ನಗೆಪಾಟಲಾಗುತ್ತದೆ. ಸದ್ಯಕ್ಕೆ ‘ಗುಳಿ’ ಎಂದಿದ್ದೇನೆ: ಎರಡು ಗುಳಿಯ ಅಚ್ಚು, ಆರು ಗುಳಿಯ ಅಚ್ಚು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಈ ಹವ್ಯಾಸದವರು ಅಚ್ಚನ್ನು ಹೊಗಳುವಾಗಲೂ ತೆಗಳುವಾಗಲೂ ‘ಕನ್ಸಿಸ್ಟೆನ್ಸಿ’ ಎಂಬ ಒಂದೇ ಮಾತನ್ನು ಬಳಸುತ್ತಾರೆ. ಕನ್ನಡದಲ್ಲಿ ಅದಕ್ಕೆ ಕೈಗೆ ಮೊದಲು ಸಿಗುವ ಪದ ‘ಏಕರೂಪತೆ’. ನನ್ನ ತಕರಾರು ಏನೆಂದರೆ, ಆ ಮಾತಿನಡಿಯಲ್ಲಿ ಕನಿಷ್ಠ ಮೂರು ಬೇರೆ ಬೇರೆ ಗುಣಗಳು ಅಡಗಿವೆ, ಅವುಗಳ ಕಾರಣಗಳೂ ಬೇರೆ. ಮೇಲಾಗಿ ಅವುಗಳಲ್ಲಿ ಯಾವುದೂ ಬರಿಯ ರೂಪಕ್ಕೆ ಸಂಬಂಧಿಸಿದ್ದಲ್ಲ. ಒಳಗೆ ಗಾಳಿಯ ಗುಳ್ಳೆ ಉಳಿದ ಗುಂಡು ಹೊರಗಿನಿಂದ ನೋಡಲು ಇನ್ನೊಂದರಂತೆಯೇ ಇದ್ದು, ತೂಕದಲ್ಲಿ ಮಾತ್ರ ಹಗುರವಾಗಿರುತ್ತದೆ. ರೂಪ ಒಂದೇ, ಗುಂಡು ಒಂದೇ ಅಲ್ಲ.

ಮೊದಲನೆಯ ಗುಣ, ಒಂದೇ ಗುಳಿಯಿಂದ ಮತ್ತೆ ಮತ್ತೆ ಹೊಯ್ದಾಗ ಒಂದೇ ಬಗೆಯ ಗುಂಡು ಬರುವುದು. ಅಚ್ಚಿನ ಎರಡು ಹೋಳುಗಳು ಪ್ರತಿ ಸಲವೂ ಅದೇ ಜಾಗದಲ್ಲಿ ಕೂಡಿಕೊಳ್ಳಬೇಕು. ಅವನ್ನು ಹೊಂದಿಸುವ ಪಿನ್ನುಗಳು ಸಡಿಲಾದರೆ ಗುಂಡಿನ ಮೈಮೇಲೆ ಕೂಡುಗೆರೆ ಎದ್ದು ಕಾಣುತ್ತದೆ, ಅಡ್ಡ ಅಳೆದ ವ್ಯಾಸಕ್ಕೂ ಕೂಡುಗೆರೆಯ ನೇರಕ್ಕೆ ಅಳೆದ ವ್ಯಾಸಕ್ಕೂ ವ್ಯತ್ಯಾಸ ಬರುತ್ತದೆ. ಹೋಳುಗಳು ಪೂರ್ತಿ ಮುಚ್ಚಿಕೊಳ್ಳದಿದ್ದರೆ ತೆಳುವಾದ ರೆಕ್ಕೆ ಮೂಡುತ್ತದೆ. ಇದರಲ್ಲಿ ಅಚ್ಚಿನಷ್ಟೇ ಪಾಲು ಶಾಖದ್ದೂ ಇದೆ. ಶುದ್ಧ ಸೀಸ 327.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆಯಾದರೂ, ಅಚ್ಚು ತಣ್ಣಗಿದ್ದರೆ ಲೋಹ ಮೂಲೆಗಳನ್ನು ತುಂಬುವ ಮೊದಲೇ ಗಟ್ಟಿಯಾಗಿ ಮೈ ಸುಕ್ಕಾಗುತ್ತದೆ. ಅತಿಯಾಗಿ ಕಾದಿದ್ದರೆ ಮೈ ಮಂಜು ಕವಿದಂತೆ ಮಸುಕಾಗುತ್ತದೆ. ಅಲ್ಯೂಮಿನಿಯಂ ಅಚ್ಚು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಮೆತ್ತಗಿನ ಲೋಹವಾದ್ದರಿಂದ ಅಂಚುಗಳು ಬೇಗ ನಲುಗುತ್ತವೆ. ಕಬ್ಬಿಣದ್ದು ನಿಧಾನವಾಗಿ ಕಾದು ಆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಗುಣಕ್ಕೆ ‘ಸ್ಥಿರತೆ’ ಎಂಬ ಪದ ಸಾಕೆನಿಸುತ್ತದೆ.

ಎರಡನೆಯದು, ಒಂದೇ ಅಚ್ಚಿನ ಹಲವು ಗುಳಿಗಳ ನಡುವಿನ ಹೊಂದಿಕೆ. ಆರು ಗುಳಿಗಳಲ್ಲಿ ಒಂದು ಕೂದಲೆಳೆಯಷ್ಟು ದೊಡ್ಡದಾಗಿದ್ದರೆ ಪ್ರತಿ ಸುತ್ತಿನಲ್ಲೂ ಆ ಗುಳಿಯ ಗುಂಡು ಅಷ್ಟೇ ದಪ್ಪವಾಗಿ ಬರುತ್ತದೆ, ಅಂದರೆ ಅಲ್ಲಿ ಸ್ಥಿರತೆಗೆ ಕೊರತೆಯಿಲ್ಲ. ಕೊರತೆ ಇರುವುದು ಗುಳಿಗಳ ‘ಸಮತೆ’ಯಲ್ಲಿ. ಗುರಿಯ ಬಗ್ಗೆ ಕಟ್ಟುನಿಟ್ಟಿರುವವರು ಗುಂಡುಗಳನ್ನು ಗುಳಿವಾರು ಬೇರೆಯಾಗಿ ಇಟ್ಟುಕೊಳ್ಳುವುದು ಈ ಕಾರಣಕ್ಕೇ.

ಮೂರನೆಯದು, ಒಂದೇ ತಯಾರಕರ ಒಂದೇ ಸಂಖ್ಯೆಯ ಎರಡು ಅಚ್ಚುಗಳ ನಡುವಿನದು. ಗುಳಿಯನ್ನು ಗುಂಡಿನ ಆಕಾರದ್ದೇ ಆದ ಕೊರೆಯುವ ಉಪಕರಣದಿಂದ ಕೊರೆದಾಗ, ಆ ಉಪಕರಣ ಸವೆದು, ಮತ್ತೆ ಸಾಣೆ ಹಿಡಿದಂತೆಲ್ಲ ಮುಂದಿನ ಗುಳಿಗಳು ತುಸು ಕಿರಿದಾಗುತ್ತ ಹೋಗುತ್ತವೆ. ಕೊಂಡವರಿಗೆ ಇದು ತಿಳಿಯುವುದು ಎರಡನೆಯ ಅಚ್ಚನ್ನು ಕೊಂಡಾಗಲೇ. ಇದಕ್ಕೆ ‘ಪಡಿಹೊಂದಿಕೆ’ ಎಂದು ಕಟ್ಟಿಕೊಂಡಿದ್ದೇನೆ. ನನಗೇ ಅದು ಪೂರ್ತಿ ಒಪ್ಪಿಗೆಯಾಗಿಲ್ಲ.

ಈ ಮೂರರಿಂದಲೂ ‘ನಿಖರತೆ’ಯನ್ನು ದೂರವಿಡಬೇಕು. 0.358 ಇಂಚು ಎಂದು ಗುರುತಿಸಿದ ಅಚ್ಚು ಪ್ರತಿ ಸಲವೂ 0.357 ಇಂಚಿನ ಗುಂಡನ್ನೇ ಕೊಟ್ಟರೆ ಅದು ಸ್ಥಿರ, ಆದರೆ ನಿಖರವಲ್ಲ. ಅದನ್ನೂ ಅಚ್ಚಿನ ದೋಷವೆಂದು ಕೂಡಲೇ ಹೇಳಲಾಗದು: ತಯಾರಕರು ಆ ಅಳತೆಯನ್ನು ಒಂದು ಗೊತ್ತಾದ ಮಿಶ್ರಲೋಹಕ್ಕೆ ಹೇಳಿರುತ್ತಾರೆ, ಉದಾಹರಣೆಗೆ 90 ಪಾಲು ಸೀಸ, 5 ಪಾಲು ತವರ, 5 ಪಾಲು ಆಂಟಿಮನಿಯ ‘ಲೈಮನ್ ನಂಬರ್ 2’. ಶುದ್ಧ ಸೀಸ ಆರುವಾಗ ಹೆಚ್ಚು ಕುಗ್ಗುವುದರಿಂದ ಅದೇ ಗುಳಿಯಿಂದ ಇನ್ನೂ ಕಿರಿದಾದ, ಆದರೆ ಹೆಚ್ಚು ತೂಕದ ಗುಂಡು ಬರುತ್ತದೆ. ತೂಕದ ಮಾತು ಬಂದದ್ದರಿಂದ ಹೇಳುತ್ತೇನೆ, ಗುಂಡಿನ ತೂಕಕ್ಕೆ ಬಳಸುವ ‘ಗ್ರೇನ್’ ಮಾನವನ್ನು ಯಾವ ಕಾರಣಕ್ಕೂ ‘ಗ್ರಾಂ’ ಎಂದು ತಿದ್ದಬಾರದು. ಒಂದು ಗ್ರಾಂಗೆ 15.43 ಗ್ರೇನ್ ಆಗುತ್ತದೆ.

ನನ್ನ ಕೋರಿಕೆಗಳು ಇಷ್ಟು. ‘ಸ್ಥಿರತೆ’, ‘ಸಮತೆ’ಗಳನ್ನು ಹೀಗೆ ಬೇರ್ಪಡಿಸಿ ಬಳಸಿದರೆ ಓದುಗರಿಗೆ ವ್ಯತ್ಯಾಸ ತಾನಾಗಿ ತಿಳಿಯುವುದೇ, ಅಥವಾ ಮೊದಲ ಸಲ ವಿವರಿಸಲೇಬೇಕೇ? ‘ಪಡಿಹೊಂದಿಕೆ’ಗಿಂತ ಒಳ್ಳೆಯ ಪದವನ್ನು ಯಾರಾದರೂ ಸೂಚಿಸಬಲ್ಲಿರಾ? ಅಚ್ಚಿನ ಮೇಲೆ ತಿರುಗುವ ತೂತಿನ ತಟ್ಟೆಯಲ್ಲಿ ಉಳಿದು ಗಟ್ಟಿಯಾಗಿ, ತಟ್ಟೆಯನ್ನು ಸರಿಸಿದಾಗ ಗುಂಡಿನ ಬುಡದಿಂದ ಕತ್ತರಿಸಿ ಬೀಳುವ ಲೋಹದ ತುಣುಕಿಗೆ ಎರಕದವರ ಬಾಯಲ್ಲಿ ಏನಾದರೂ ಹೆಸರಿದೆಯೇ? ಸಿಕ್ಕರೆ ಆ ತಟ್ಟೆಗೂ ಅದರಿಂದಲೇ ಹೆಸರಿಡುತ್ತೇನೆ. ಸಿಗದಿದ್ದರೆ ‘ಬಾಯಿತಟ್ಟೆ’ ಮತ್ತು ‘ಬಾಯಿತುಣುಕು’ ಎಂದು ಬರೆಯಲು ಯಾರದಾದರೂ ಆಕ್ಷೇಪವಿದ್ದರೆ ತಿಳಿಸಬೇಕಾಗಿ ವಿನಂತಿ.