ಈರುಳ್ಳಿ ಮೊಗ್ಗಿನಲ್ಲಿ ಮಿಯಾಸಿಸ್: ಸ್ಲೈಡ್ ಕೆಡುವುದೇಕೆ, ಕಯಾಸ್ಮಾ ಎಣಿಸುವುದು ಹೇಗೆ?

ಪ್ರಶ್ನೆ (ಸಸ್ಯಶಾಸ್ತ್ರ ಉಪನ್ಯಾಸಕಿ): ಸರ್, ನಮಸ್ಕಾರ. ಮಿಯಾಸಿಸ್ (ವರ್ಣತಂತು ಸಂಖ್ಯೆ ಅರ್ಧವಾಗುವ ಕೋಶವಿಭಜನೆ) ನೋಡಲು ಬಿ.ಎಸ್ಸಿ. ಮಕ್ಕಳಿಂದ ಈರುಳ್ಳಿ ಹೂಮೊಗ್ಗಿನ ಸ್ಕ್ವ್ಯಾಶ್ (ಜಜ್ಜಿ ಚಪ್ಪಟೆ ಮಾಡಿದ ಸ್ಲೈಡ್) ಮಾಡಿಸುತ್ತಿದ್ದೇವೆ. ಹತ್ತು ಸ್ಲೈಡಿನಲ್ಲಿ ಎಂಟರಲ್ಲಿ ಬರೀ ಪರಾಗರೇಣು. ಉಳಿದೆರಡರಲ್ಲಿ ಕೋಶಗಳಿವೆ, ಆದರೆ ವರ್ಣತಂತುಗಳಿಗೆ ಬಣ್ಣವೇ ಹಿಡಿದಿಲ್ಲ, ಒಂದರ ಮೇಲೊಂದು ಗುಡ್ಡೆ ಬಿದ್ದಿವೆ. ಅರಳತೊಡಗಿದ ಗೊಂಚಲಿನಿಂದ 5–6 ಮಿ.ಮೀ. ಮೊಗ್ಗು ಆರಿಸಿ, ಕೋಶಗಳನ್ನು ಇದ್ದ ಹಂತದಲ್ಲೇ ಹಿಡಿದಿಡಲು ವಾರದ ಹಿಂದೆ ಬೆರೆಸಿಟ್ಟ ಫಿಕ್ಸೆಟಿವ್‌ಗೆ ಹಾಕಿದ್ದು. ಎಲ್ಲಿ ತಪ್ಪಿದೆ?

ಉತ್ತರ: ಮೇಡಂ, ಮೊಗ್ಗು ಬಲಿತಿದೆ, ಫಿಕ್ಸೆಟಿವ್ ಹಳಸಿದೆ. ಎರಡೂ ಸರಿಹೋಗುವಂಥವು.

ಗೊಂಚಲು ಅರಳಿದ ಮೇಲೆ ಹುಡುಕಿದರೆ ತಡವಾಯಿತು. ಗೊಂಚಲಿನ ತೆಳು ಪೊರೆ ಇನ್ನೇನು ಬಿರಿಯಬೇಕು ಎನ್ನುವಾಗ ಕೊಯ್ಯಿರಿ. ಅದರಲ್ಲಿ 2ರಿಂದ 4 ಮಿ.ಮೀ. ಮೊಗ್ಗುಗಳೇ ನಿಮಗೆ ಬೇಕಾದವು. ಅಳತೆಗಿಂತ ಪರಾಗಕೋಶದ ಬಣ್ಣ ನಂಬಿಕೆಗೆ ಅರ್ಹ: ನೀರುಹಸಿರಾಗಿ, ಬೆಳಕು ಹಾಯುವಂತಿದ್ದರೆ ಒಳಗೆ ಮಿಯಾಸಿಸ್ ಇರಬಹುದು, ಹಳದಿ ತಿರುಗಿದ್ದರೆ ಪರಾಗ ಆಗಿಹೋಗಿದೆ. ಒಂದು ಹೂವಿಗೆ ಆರು ಪರಾಗಕೋಶ. ಮೊದಲು ಒಂದನ್ನು ಮಾತ್ರ ಜಜ್ಜಿ ನೋಡಿ. ಒಂದು ಪರಾಗಕೋಶದೊಳಗಿನ ಕೋಶಗಳು ಹೆಚ್ಚೂಕಡಿಮೆ ಒಂದೇ ಹಂತದಲ್ಲಿರುತ್ತವೆ, ಆದ್ದರಿಂದ ಅದೇ ದಾರಿ ತೋರಿಸುತ್ತದೆ. ನಾಲ್ಕು ನಾಲ್ಕು ಕೋಶಗಳ ಟೆಟ್ರಾಡ್ ಕಂಡರೆ ಅದಕ್ಕಿಂತ ಚಿಕ್ಕ ಮೊಗ್ಗಿಗೆ ಹೋಗಿ. ನಡುವೆ ಗೋಡೆಬಿದ್ದ ಜೋಡಿ ಕೋಶ ಕಂಡರೆ ಮೊದಲ ವಿಭಜನೆ ಈಗಷ್ಟೇ ಮುಗಿದಿದೆ, ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕ ಮೊಗ್ಗು ಸಾಕು. ನೂಲಿನುಂಡೆಯಂಥ ನ್ಯೂಕ್ಲಿಯಸ್ ಕಂಡರೆ ತುಸು ದೊಡ್ಡದು ಬೇಕು.

ಫಿಕ್ಸೆಟಿವ್: ಶುದ್ಧ ಆಲ್ಕೋಹಾಲ್ 3 ಪಾಲು, ಗ್ಲೇಸಿಯಲ್ ಅಸಿಟಿಕ್ ಆಮ್ಲ 1 ಪಾಲು, ಬಳಸುವ ಹೊತ್ತಿಗೇ ಬೆರೆಸಬೇಕು. ಇಟ್ಟರೆ ಎರಡೂ ಸೇರಿ ಎಸ್ಟರ್ ಆಗುತ್ತದೆ, ಸ್ಥಿರೀಕರಣ ಸಡಿಲಾಗುತ್ತದೆ, ಬಣ್ಣ ಹಿಡಿಯುವುದಿಲ್ಲ. ಬೆಳಿಗ್ಗೆ 8ರಿಂದ 11ರೊಳಗೆ ಕೊಯ್ದು ಹೊಲದಲ್ಲೇ ಸೀಸೆಗೆ ಹಾಕಿ, ಮೊಗ್ಗಿನ ಹತ್ತು ಪಟ್ಟಾದರೂ ದ್ರವ ಇರಲಿ. 24 ಗಂಟೆಯಾದ ಮೇಲೆ 70% ಆಲ್ಕೋಹಾಲಿಗೆ ಬದಲಿಸಿ ಫ್ರಿಜ್‌ನಲ್ಲಿಡಿ. ವಿಭಜನೆ ತಡೆಯಲು ಬೇರಿನ ತುದಿಗೆ ಕೊಡುವ ಕಾಲ್ಚಿಸಿನ್ ಇಲ್ಲಿ ಬೇಡ.

ಬಣ್ಣಕ್ಕೆ 45% ಅಸಿಟಿಕ್ ಆಮ್ಲದಲ್ಲಿ 1% ಅಸಿಟೋಕಾರ್ಮಿನ್. ಒಂದು ಹನಿಯಲ್ಲಿ ಪರಾಗಕೋಶವಿಟ್ಟು ಎರಡೂ ತುದಿ ಕತ್ತರಿಸಿ, ಸೂಜಿಯ ಬೆನ್ನಿನಿಂದ ಒತ್ತಿದರೆ ಕೋಶಗಳು ಹೊರಬರುತ್ತವೆ. ಗೋಡೆಯ ಚೂರುಗಳನ್ನೆಲ್ಲ ಹೆಕ್ಕಿ ತೆಗೆಯಿರಿ. ನಿಮ್ಮ ವರ್ಣತಂತು ಗುಡ್ಡೆ ಬೀಳಲು ಬಹುಶಃ ಇದೇ ಕಾರಣ: ಒಂದು ಚೂರು ಉಳಿದರೂ ಕವರ್‌ಸ್ಲಿಪ್ ಎತ್ತಿ ನಿಲ್ಲುತ್ತದೆ, ಕೋಶ ಚಪ್ಪಟೆಯಾಗದು. ಕಬ್ಬಿಣದ ಸೂಜಿಯಿಂದ ಹನಿಯನ್ನು ಕೊಂಚ ಕದಡಿದರೆ ಕಬ್ಬಿಣದ ಅಂಶ ಬಣ್ಣವನ್ನು ಗಾಢಗೊಳಿಸುತ್ತದೆ. ಜಾಸ್ತಿಯಾದರೆ ಕಪ್ಪು ಗಸಿ. ಸ್ಪಿರಿಟ್ ದೀಪದ ಮೇಲೆ ಮೂರು ನಾಲ್ಕು ಸಲ ಹಾಯಿಸಿ, ಅಂಗೈ ಹಿಂಬದಿಗೆ ತಾಗಿಸಿದರೆ ತಡೆಯುವಷ್ಟೇ ಬಿಸಿ, ಕುದಿಯಬಾರದು. ಬ್ಲಾಟಿಂಗ್ ಕಾಗದದಡಿ ಹೆಬ್ಬೆರಳಿನಿಂದ ನೇರ ಒತ್ತಿ. ಕವರ್‌ಸ್ಲಿಪ್ ಪಕ್ಕಕ್ಕೆ ಜರುಗಿದರೆ ಕೋಶಗಳು ಹೊರಳಿ ಹರಿಯುತ್ತವೆ.

ಮರುಪ್ರಶ್ನೆ: ಸರ್, ಹೊಸ ಮೊಗ್ಗಿನಲ್ಲಿ ಮೆಟಾಫೇಸ್ 1 (ಮೊದಲ ವಿಭಜನೆಯಲ್ಲಿ ವರ್ಣತಂತು ಜೋಡಿಗಳು ನಡುವೆ ಸಾಲಾಗುವ ಹಂತ) ಸಿಕ್ಕಿತು! ಒಂದು ಕೋಶದಲ್ಲಿ 7 ಉಂಗುರ, 1 ಕಡ್ಡಿ. ಉಂಗುರಗಳಲ್ಲಿ ಒಂದರ ನಡುವೆ ಇನ್ನೊಂದು ಗಂಟು. ಕಯಾಸ್ಮಾಗಳ (ಜೋಡಿ ವರ್ಣತಂತುಗಳು ತುಂಡು ಅದಲುಬದಲಾಗಿ ಅಂಟಿಕೊಂಡ ಗಂಟುಗಳ) ಎಣಿಕೆ ಹೇಗೆ? ಮ್ಯಾಪ್ ದೂರಕ್ಕೆ (ಮರುಸಂಯೋಜನೆಯಿಂದ ಅಳೆದ, ಜೀನುಗಳ ನಡುವಿನ ಅಂತರಕ್ಕೆ) ಇದನ್ನು ಜೋಡಿಸಬಹುದೇ?

ಉತ್ತರ: ಈರುಳ್ಳಿಗೆ 16 ವರ್ಣತಂತು, ಆದ್ದರಿಂದ 8 ಬೈವೇಲೆಂಟ್ (ಜೋಡಿ), ಲೆಕ್ಕ ಸರಿಯಿದೆ. ಎರಡೂ ಭುಜಗಳಲ್ಲಿ ಕಯಾಸ್ಮಾ ಇದ್ದರೆ ಉಂಗುರ, ಒಂದೇ ಭುಜದಲ್ಲಿದ್ದರೆ ಕಡ್ಡಿ. ಸರಳ ಉಂಗುರ 6, ತಲಾ 2ರಂತೆ 12, ಗಂಟಿನ ಉಂಗುರಕ್ಕೆ 3, ಕಡ್ಡಿಗೆ 1. ಒಟ್ಟು 16, ಬೈವೇಲೆಂಟಿಗೆ ಸರಾಸರಿ 2. ಒಂದು ಕೋಶ ಸಾಲದು, ಇಪ್ಪತ್ತಾದರೂ ಎಣಿಸಿ. ಎರಡು ಒಂಟಿ ವರ್ಣತಂತು ಕಂಡರೆ ಅವಸರಪಡಬೇಡಿ. ಜೋರಾಗಿ ಒತ್ತಿದಾಗ ಕಡ್ಡಿ ಬಿಟ್ಟುಕೊಂಡಿರಲೂಬಹುದು.

ಒಂದು ಕಯಾಸ್ಮಾ ಎಂದರೆ ಜೋಡಿಯ ನಾಲ್ಕು ಎಳೆಗಳಲ್ಲಿ, ಅಂದರೆ ಕ್ರೊಮ್ಯಾಟಿಡ್‌ಗಳಲ್ಲಿ ಎರಡರ ನಡುವಿನ ಅದಲುಬದಲು, ಇದೇ ಅಡ್ಡಹಾಯುವಿಕೆ. ಉಳಿದೆರಡು ಹಾಗೆಯೇ ಇರುತ್ತವೆ. ಅಂದರೆ ಅರ್ಧ ಮಾತ್ರ ಮರುಸಂಯೋಜಿತ (ಹೊಸ ಜೋಡಣೆಯವು), ಆದ್ದರಿಂದ ಒಂದು ಕಯಾಸ್ಮಾಕ್ಕೆ 50 ಸೆಂಟಿಮಾರ್ಗನ್ (ಮ್ಯಾಪ್ ದೂರದ ಮಾನ). ಸರಾಸರಿ 2 ಇದ್ದರೆ ಆ ವರ್ಣತಂತುವಿನ ಮ್ಯಾಪ್ 100 ಸೆಂಟಿಮಾರ್ಗನ್. ಇಲ್ಲಿ ಮಕ್ಕಳು ಕೇಳಿಯೇ ಕೇಳುತ್ತಾರೆ: ಮರುಸಂಯೋಜನೆ 50% ದಾಟುವುದಿಲ್ಲ ಎಂದಮೇಲೆ 100 ಎಲ್ಲಿಂದ ಬಂತು? ಮ್ಯಾಪ್ ಉದ್ದ ಸಣ್ಣ ಸಣ್ಣ ಅಂತರಗಳ ಮೊತ್ತ. ಎರಡು ತುದಿಗಳ ನಡುವೆ ಎರಡು ಸಲ ಅಡ್ಡಹಾಯುವಿಕೆ ನಡೆದು ಮೊದಲಿನ ಜೋಡಣೆಯೇ ಮರಳಿದರೆ ಸಂತತಿಯಲ್ಲಿ ಅದು ಎಣಿಕೆಗೆ ಸಿಗದು. ಒಂದು ಅಡ್ಡಹಾಯುವಿಕೆ ಇನ್ನೊಂದನ್ನು ತಡೆಯುವುದಿಲ್ಲ ಎಂದಿಟ್ಟುಕೊಂಡ ಹಾಲ್ಡೇನ್ ಸೂತ್ರದಂತೆ 100 ಸೆಂಟಿಮಾರ್ಗನ್ ದೂರಕ್ಕೆ ಕಾಣುವ ಮರುಸಂಯೋಜನೆ ಸುಮಾರು 43%.

ಇನ್ನೊಬ್ಬರ ಪ್ರಶ್ನೆ: ಮೊಗ್ಗು ಸಿಗದ ಕಾಲದಲ್ಲಿ ಕೈತೋಟದ ರಿಯೋ ಗಿಡ ಆಗುತ್ತದಾ?

ಉತ್ತರ: ಎಲೆಯಡಿ ನೇರಳೆ, ದೋಣಿಯಂಥ ಹೊದಿಕೆಯೊಳಗೆ ಬಿಳಿ ಹೂ ಬಿಡುವುದು ತಾನೇ? ಬೈವೇಲೆಂಟ್ ಎಣಿಸಲು ಬೇಡ. ಅದರ 12 ವರ್ಣತಂತುಗಳು ತುಂಡು ಅದಲುಬದಲಾಗಿ ಒಂದೇ ಉಂಗುರ ಅಥವಾ ಸರಪಳಿಯಾಗಿ ಕೂರುತ್ತವೆ. ಟ್ರಾನ್ಸ್‌ಲೊಕೇಶನ್ ತೋರಿಸಲು ಮಾತ್ರ ಅದಕ್ಕಿಂತ ಒಳ್ಳೆಯ ಗಿಡ ಸಿಗದು.

ಪ್ರಶ್ನೆ (ರೇಷ್ಮೆ ಕೃಷಿ ವಿದ್ಯಾರ್ಥಿ): ಸರ್, ಮೈಗುರುತು ಮತ್ತು ಹಳದಿ ರಕ್ತ ಎರಡೂ ಇರುವ ಎಫ್1 (ಮೊದಲ ಪೀಳಿಗೆಯ ಮಿಶ್ರತಳಿ) ಹೆಣ್ಣನ್ನು ಗುರುತಿಲ್ಲದ, ಬಿಳಿ ರಕ್ತದ ಗಂಡಿಗೆ ಕೂಡಿಸಿದೆವು. ಹುಳುಗಳಲ್ಲಿ ಬರೀ ಎರಡು ಬಗೆ, ಹೊಸ ಜೋಡಣೆ ಒಂದೂ ಇಲ್ಲ. ಎಣಿಕೆ ತಪ್ಪಿತಾ?

ಉತ್ತರ: ಎಣಿಕೆ ಸರಿಯಾಗಿದೆ ತಮ್ಮಾ. ಈ ಎರಡು ಜೀನುಗಳೂ 2ನೇ ಸಂಲಗ್ನ ಗುಂಪಿನಲ್ಲಿವೆ (ಅಂದರೆ ಒಂದೇ ವರ್ಣತಂತುವಿನಲ್ಲಿವೆ), ಮತ್ತು ಹೆಣ್ಣು ರೇಷ್ಮೆ ಚಿಟ್ಟೆಯಲ್ಲಿ ಅಡ್ಡಹಾಯುವಿಕೆಯೇ ನಡೆಯುವುದಿಲ್ಲ. ಕಯಾಸ್ಮಾ ಇಲ್ಲದಿದ್ದರೂ ಅದರ 28 ಜೋಡಿಗಳು ಬಿಟ್ಟುಹೋಗದಿರಲು ಕಾರಣ, ಜೋಡಿಯನ್ನು ಹೊಲಿದಿಟ್ಟ ಸಿನಾಪ್ಟೋನೀಮಲ್ ಕಾಂಪ್ಲೆಕ್ಸ್ ರೂಪ ಬದಲಿಸಿಕೊಂಡು ಮೆಟಾಫೇಸ್ 1ರವರೆಗೂ ಉಳಿಯುತ್ತದೆ. ಹಣ್ಣುನೊಣದಲ್ಲಿ ಇದು ತಿರುಗುಮುರುಗು, ಅಲ್ಲಿ ಗಂಡಿನಲ್ಲಿ ಅಡ್ಡಹಾಯುವಿಕೆ ಇಲ್ಲ.

ಅದೇ ಎಫ್1ನ ಗಂಡನ್ನು ಗುರುತಿಲ್ಲದ ಬಿಳಿ ರಕ್ತದ ಹೆಣ್ಣಿಗೆ ಕೂಡಿಸಿ, ನಾಲ್ಕೂ ಬಗೆ ಬರುತ್ತವೆ. ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಹಂತ) ಎದ್ದ ಮೇಲೆ ಎಣಿಸಿ, ಆಗ ಹೊಟ್ಟೆಗಾಲಿನ ಹಳದಿ ಚೆನ್ನಾಗಿ ಕಾಣುತ್ತದೆ. ತಳಿ ಕೆಲಸದಲ್ಲೂ ಇದು ನೆನಪಿರಲಿ: ಒಳ್ಳೆಯ ಗುಣಕ್ಕೆ ಅಂಟಿಕೊಂಡ ಕೆಟ್ಟ ಗುಣವನ್ನು ಬಿಡಿಸಬೇಕಾದರೆ ಮರುಸಂಕರದ (ಮೂಲ ತಳಿಗೇ ಮತ್ತೆ ಕೂಡಿಸುವುದರ) ಪ್ರತಿ ಸುತ್ತಿನಲ್ಲೂ ಮಿಶ್ರತಳಿ ಗಂಡಾಗಿರಬೇಕು. ಹೆಣ್ಣಾದರೆ ವರ್ಣತಂತು ಇಡಿಯಾಗಿ ದಾಟುತ್ತದೆ, ಆ ಸುತ್ತು ವ್ಯರ್ಥ. ಗೂಡಿನಲ್ಲೇ ಗಂಡು ಹೆಣ್ಣು ಬೇರ್ಪಡಿಸಿ ತಟ್ಟೆಗಳಿಗೆ ಚೀಟಿ ಅಂಟಿಸಿಬಿಡಿ.