ಬ್ಯಾಟರಿ ಬದಲಿಸಿದ ಮೇಲೆ ಸ್ಮಾಗ್ ಚೆಕ್‌ನಲ್ಲಿ ‘ನಾಟ್ ರೆಡಿ’: ಕಾರನ್ನು ಹೇಗೆ ಸಿದ್ಧ ಮಾಡುವುದು?

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ): ನಮಸ್ಕಾರ ಸರ್. ನನ್ನದು 2014ರ ಟೊಯೋಟಾ ಕ್ಯಾಮ್ರಿ, ಪೆಟ್ರೋಲ್. ಕಳೆದ ವಾರ ಬ್ಯಾಟರಿ ಬದಲಿಸಿದೆ. ನಿನ್ನೆ ಸ್ಮಾಗ್ ಚೆಕ್‌ಗೆ (ಇಲ್ಲಿನ ಹೊಗೆ ತಪಾಸಣೆ) ಹೋದರೆ ‘ಮಾನಿಟರ್‌ಗಳು ರೆಡಿ ಇಲ್ಲ’ ಅಂತ ವಾಪಸ್ ಕಳಿಸಿದರು. ಚೆಕ್ ಇಂಜಿನ್ ಲೈಟ್ ಉರಿಯುತ್ತಿಲ್ಲ. ಬ್ಲೂಟೂತ್ ಸ್ಕ್ಯಾನರ್ ಹಾಕಿ ನೋಡಿದೆ. ಕ್ಯಾಟಲಿಸ್ಟ್ (ಹೊಗೆ ಶುದ್ಧ ಮಾಡುವ ಭಾಗ), ಇವ್ಯಾಪ್ (ಟ್ಯಾಂಕಿನ ಆವಿ) ಎರಡೂ ‘ಇನ್‌ಕಂಪ್ಲೀಟ್’. ಎಷ್ಟು ಮೈಲಿ ಓಡಿಸಬೇಕು?

ಉತ್ತರ (ಮೆಕ್ಯಾನಿಕ್): ನಮಸ್ಕಾರ. ಮೈಲಿ ಲೆಕ್ಕ ಬಿಡಿ. ಹೇಗೆ ಓಡಿಸುತ್ತೀರಿ ಅನ್ನೋದೇ ಇಲ್ಲಿ ಮುಖ್ಯ. ಬ್ಯಾಟರಿ ತೆಗೆದಾಗ ಇಂಜಿನ್ ಕಂಪ್ಯೂಟರ್ ತಾನು ಮಾಡಿಕೊಂಡಿದ್ದ ಪರೀಕ್ಷೆಗಳ ಫಲಿತಾಂಶ ಅಳಿಸಿಹೋಯಿತು. ಈ ಪರೀಕ್ಷೆಗಳಿಗೇ ‘ಮಾನಿಟರ್’ ಅನ್ನುತ್ತಾರೆ. ಈಗ ಎಲ್ಲವನ್ನೂ ಮೊದಲಿಂದ ಮಾಡಬೇಕು. ಸರಿಯಾದ ಸಂದರ್ಭ ಸಿಗದೆ ಅದು ಯಾವ ಪರೀಕ್ಷೆಯನ್ನೂ ಶುರು ಮಾಡುವುದಿಲ್ಲ. ಮನೆ, ಆಫೀಸು, ಅಂಗಡಿ ಅಂತ ಸುಮ್ನೆ ಸುತ್ತಿದರೆ ವಾರಗಟ್ಟಲೆ ಹಾಗೇ ಉಳಿಯಬಹುದು.

ನಿಮಗೊಂದು ಒಳ್ಳೆಯ ಸುದ್ದಿ. ಕ್ಯಾಲಿಫೋರ್ನಿಯಾದಲ್ಲಿ 2000 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಇವ್ಯಾಪ್ ಒಂದು ಬಾಕಿ ಇದ್ದರೂ ನಡೆಯುತ್ತದೆ. ಕ್ಯಾಟಲಿಸ್ಟ್ ಮಾತ್ರ ರೆಡಿ ಆಗಲೇಬೇಕು.

ಮೊದಲು ಸ್ಕ್ಯಾನರ್‌ನಲ್ಲಿ ‘ಪೆಂಡಿಂಗ್’ ಕೋಡ್ (ಇನ್ನೂ ಖಚಿತವಾಗದ ದೋಷದ ಸಂಕೇತ) ಇದೆಯಾ ನೋಡಿ. ಪಿ0420 ಅಲ್ಲಿ ಕೂತಿದ್ದರೆ ಕ್ಯಾಟಲಿಸ್ಟ್ ಕೆಲಸ ಸಾಲುತ್ತಿಲ್ಲ ಅಂತ ಕಂಪ್ಯೂಟರ್‌ಗೆ ಅನುಮಾನ ಬಂದಿದೆ. ಆಗ ಓಡಿಸಿ ಪ್ರಯೋಜನವಿಲ್ಲ, ರಿಪೇರಿಗೆ ತನ್ನಿ. ಕೋಡ್ ಇಲ್ಲವೆಂದರೆ ಮುಂದುವರಿಯಿರಿ. ಯಾವ ಕಾರಣಕ್ಕೂ ‘ಕ್ಲಿಯರ್’ ಒತ್ತಬೇಡಿ. ಒತ್ತಿದರೆ ರೆಡಿ ಆಗಿರುವ ಮಾನಿಟರ್‌ಗಳೂ ಹೋಗುತ್ತವೆ.

ಟ್ಯಾಂಕ್ ಅರ್ಧದಷ್ಟಿರಲಿ. ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಿ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಟ್ರಾಫಿಕ್ ಇಲ್ಲದ ಹೊತ್ತಲ್ಲಿ 680 ಹೆದ್ದಾರಿಗೆ ಹತ್ತಿ, ಗಂಟೆಗೆ 55ರಿಂದ 60 ಮೈಲಿಯಲ್ಲಿ ಹತ್ತು ನಿಮಿಷ ಒಂದೇ ಸಮ ಓಡಿಸಿ. ಈ ಹೊತ್ತಲ್ಲೇ ಕಂಪ್ಯೂಟರ್ ಕ್ಯಾಟಲಿಸ್ಟ್‌ನ ಹಿಂದಿನ ಆಕ್ಸಿಜನ್ ಸೆನ್ಸರನ್ನು ಗಮನಿಸುತ್ತದೆ. ಕ್ಯಾಟಲಿಸ್ಟ್ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತಿದ್ದರೆ ಆ ಸೆನ್ಸರ್‌ನ ರೀಡಿಂಗ್ ಶಾಂತವಾಗಿರುತ್ತದೆ. ಸವೆದಿದ್ದರೆ ಜಾಸ್ತಿ ಏರಿಳಿಯುತ್ತದೆ. ಹೆದ್ದಾರಿಯಿಂದ ಇಳಿಯುವಾಗ ಹಿಂದೆ ಗಾಡಿ ಇಲ್ಲದಿದ್ದರೆ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು ವೇಗ ಇಳಿಯಲು ಬಿಡಿ. ಆಮೇಲೆ ಊರೊಳಗೆ ಸ್ವಲ್ಪ ನಿಂತು ನಿಂತು ಓಡಿಸಿ. ಸ್ಕ್ಯಾನರ್ ತೋರಿಸುವ ಫೋನ್ ಪಕ್ಕದಲ್ಲಿ ಕೂತವರ ಕೈಲಿರಲಿ, ಓಡಿಸುವವರು ನೋಡುವುದು ಬೇಡವೇ ಬೇಡ.

ಇವ್ಯಾಪ್ ಅಂದರೆ ಟ್ಯಾಂಕಿನ ಆವಿ ಸೋರುತ್ತಿದೆಯಾ ಎಂಬ ಪರೀಕ್ಷೆ. ನಿಮ್ಮ ಕಾರಿನಲ್ಲಿ ಇದು ಓಡಿಸುವಾಗ ಅಲ್ಲ, ಇಂಜಿನ್ ಆಫ್ ಮಾಡಿ ಸುಮಾರು 5 ಗಂಟೆಯ ನಂತರ ತಾನೇ ನಡೆಯುತ್ತದೆ. ಹಿಂದೆ ಸಣ್ಣ ಪಂಪ್ ಸದ್ದು ಕೇಳಿದರೆ ಗಾಬರಿ ಬೇಡ. ಅಲ್ಲಿವರೆಗೆ ಕಾರನ್ನು ಮುಟ್ಟದಿದ್ದರೆ ಸಾಕು.

ಪ್ರಶ್ನೆ: ಥ್ಯಾಂಕ್ಸ್ ಸರ್. ನಾಡಿದ್ದೇ ರಿಜಿಸ್ಟ್ರೇಷನ್ ಗಡುವು. ಅಷ್ಟರಲ್ಲಿ ಆಗದಿದ್ದರೆ? ಪರ್ಮನೆಂಟ್ ಕೋಡ್ ಅಂತ ಬೇರೆ ಇದೆಯಂತೆ?

ಉತ್ತರ: ಡಿಎಂವಿಯ (ಇಲ್ಲಿನ ಆರ್‌ಟಿಒ ಥರ) ಶುಲ್ಕವನ್ನು ಈಗಲೇ ಕಟ್ಟಿಬಿಡಿ, ದಂಡ ತಪ್ಪುತ್ತದೆ. ಸ್ಮಾಗ್ ಪಾಸಾದ ಮೇಲೆ ಸ್ಟಿಕರ್ ಬರುತ್ತದೆ. ಪರ್ಮನೆಂಟ್ ಕೋಡ್ ಅಂದರೆ ಖಚಿತವಾದ ದೋಷದ ಸಂಕೇತ, ಅದು ಬ್ಯಾಟರಿ ತೆಗೆದರೂ ಅಳಿಸುವುದಿಲ್ಲ. 2010 ಮತ್ತು ನಂತರದ ಕಾರುಗಳಲ್ಲಿ ಅದನ್ನೂ ನೋಡುತ್ತಾರೆ. ಆದರೆ ಮೆಮೊರಿ ಅಳಿಸಿದ ಮೇಲೆ ಕಾರು 15 ಸಲ ತಣ್ಣಗಿಂದ ಬಿಸಿಯಾಗಿ, 200 ಮೈಲಿ ಓಡಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಎರಡು ಅಂಕಿಗಳೂ ಹೆಚ್ಚಿನ ಸ್ಕ್ಯಾನರ್‌ಗಳಲ್ಲಿ ಕಾಣುತ್ತವೆ.

ಪ್ರಶ್ನೆ (ಬೆಂಗಳೂರು): ನಮ್ಮ ಬಿಎಸ್6 ಕಾರಿಗೂ ಇದು ಬೇಕಾ ಅಣ್ಣ?

ಉತ್ತರ: ಪರೀಕ್ಷೆಗಳು ನಿಮ್ಮ ಕಾರಿನೊಳಗೂ ನಡೆಯುತ್ತವೆ. ಆದರೆ ಅಲ್ಲಿನ ಪಿಯುಸಿಯಲ್ಲಿ ಸೈಲೆನ್ಸರ್ ಹೊಗೆಯನ್ನಷ್ಟೇ ಅಳೆಯುತ್ತಾರೆ, ಮಾನಿಟರ್ ಓದುವುದಿಲ್ಲ. ಹಳೆ ಕಾರು ಕೊಳ್ಳುವಾಗ ಮಾತ್ರ ತಪ್ಪದೆ ನೋಡಿ. ಎಲ್ಲ ಮಾನಿಟರ್ ‘ಇನ್‌ಕಂಪ್ಲೀಟ್’ ಇದ್ದರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ. ಯಾಕೆ ಅಂತ ಕೇಳಿ, ಉತ್ತರ ಸಿಗುವವರೆಗೆ ಅಡ್ವಾನ್ಸ್ ಕೊಡಬೇಡಿ.